ಕವಚ ವಾಪಸ್ ತಗೊಳ್ಳಿ, ಚಕ್ರ ವಾಪಸ್ ಕೊಡಿ

ಆಯುಧ, ಕವಚ ಹಾಗೂ ಇತರೆ ಸಾಮಗ್ರಿಗಳನ್ನು ಹಂಚುವ ಮುಖ್ಯ ವಿನ್ಯಾಸಕರಿಗೆ,
ನಾನು ದಿನವೂ ಸಂಜೆ ಆಡುವ, ಅಲ್ಲ, ಆಡುತ್ತಿದ್ದ ಕಂಪ್ಯೂಟರ್ ಆಟದ ಕಚೇರಿ.

ಮಾನ್ಯರೇ,

ನನಗೆ ನೀವು ಪುಕ್ಕಟೆಯಾಗಿ ಕೊಟ್ಟಿರುವ ಕವಚವನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ನನಗದು ಬೇಡ. ಕೊಡಲಿಲ್ಲವಲ್ಲ ಎಂದು ಗೋಳಾಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಕೊಟ್ಟುಬಿಟ್ಟಿರಲ್ಲ ಎಂದು ಗೋಳಾಡುವವನೂ ಒಬ್ಬನಿದ್ದಾನೆ, ನೋಡಿಕೊಳ್ಳಿ. ಹೋದ ಪರಿಷ್ಕರಣೆಯಲ್ಲಿ ನೀವು ಗವಿಯ ಕಬ್ಬಿಣದ ಬಾಗಿಲಿನ ಚಕ್ರವನ್ನು ಕಿತ್ತುಹಾಕಿದಿರಿ. ಬಾಗಿಲನ್ನು ಛತ್ರದ ಬಾಗಿಲಿನಂತೆ ಸದಾ ತೆರೆದಿಟ್ಟಿರಿ. ಸಾಲದ್ದಕ್ಕೆ ಹೊಸ್ತಿಲಲ್ಲೇ ಒಂದು ಪೆಟ್ಟಿಗೆ ಇಟ್ಟು, ಆಟದಲ್ಲೇ ಅತ್ಯುತ್ತಮವಾದ ಕವಚವನ್ನು ತಲೆಯಿಂದ ಪಾದದವರೆಗೆ ಬಂದವರಿಗೆಲ್ಲ ಹಂಚಲು ಕೂತಿರಿ. ಕೈ ಕೆಸರಾಗುವ ಮೊದಲೇ ಎಲ್ಲರ ಬಾಯಿಗೂ ಮೊಸರು ಮೆತ್ತಿದಿರಿ.

"ಆಟಗಾರರ ಅಮೂಲ್ಯ ಸಮಯವನ್ನು ಉಳಿಸುವ ದೃಷ್ಟಿಯಿಂದ" ಎಂದು ನಿಮ್ಮ ಪ್ರಕಟಣೆ ಹೇಳುತ್ತದೆ. ನನ್ನ ಸಮಯ ಅಮೂಲ್ಯವೆಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಆ ವಾಕ್ಯವನ್ನು ಹೆಂಡತಿಗೆ ಓದಿ ಹೇಳಿದಾಗ ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೂ ಕೇಳುತ್ತೇನೆ: ಉಳಿಸಿದ ಆ ಸಮಯವನ್ನು ಎಲ್ಲಿಟ್ಟಿದ್ದೀರಿ? ನನ್ನ ಪಾಲಿನದು ನನಗಿನ್ನೂ ತಲುಪಿಲ್ಲ.

ಈ ಬಹಿರಂಗ ಪತ್ರ ಅಚ್ಚಾಗುವ ಪತ್ರಿಕೆಯ ಓದುಗರಲ್ಲಿ ಬಹುಪಾಲು ಮಂದಿ ನಿಮ್ಮ ಆಟ ಆಡಿರಲಾರರು. ಅವರ ತಿಳಿವಳಿಕೆಗಾಗಿ ಹೇಳುತ್ತೇನೆ. ಅದೊಂದು ಕಾಲ್ಪನಿಕ ಲೋಕ. ಅಲ್ಲಿ ಬೆಟ್ಟವಿದೆ, ಬೆಟ್ಟದಲ್ಲಿ ಗವಿಯಿದೆ, ಗವಿಯಲ್ಲಿ ಒಳ್ಳೆಯ ಲೋಹವಿದೆ. ಗವಿಯ ಬಾಗಿಲನ್ನು ಎತ್ತಲು ಹೊರಗೊಂದು ಚಕ್ರವಿತ್ತು. ಒಬ್ಬರು ಅದನ್ನು ತಿರುಗಿಸಿ ಹಿಡಿದುಕೊಂಡೇ ಇರಬೇಕು, ಇನ್ನೊಬ್ಬರು ಒಳಗೆ ಹೋಗಿ ಒಂದು ತುಂಡು ಲೋಹ ಹೊತ್ತು ತರಬೇಕು. ಹಿಡಿದವರು ಕೈಬಿಟ್ಟರೆ ಬಾಗಿಲು ಧಡಾರನೆ ಬಿದ್ದು ಒಳಗಿನವರ ಕಥೆ ಮುಗಿಯುತ್ತಿತ್ತು. ತಂದ ತುಂಡು ಒಳಗೆ ಹೋದವರಿಗೆ ಮಾತ್ರ; ಚಕ್ರ ಹಿಡಿದವರಿಗೆ ಚೂರೂ ಇಲ್ಲ. ಹಾಗಾಗಿ ಇಂದು ನಾನು ನಿಮಗೆ ಹಿಡಿದರೆ ನಾಳೆ ನೀವು ನನಗೆ ಹಿಡಿಯಬೇಕು. ತಂದ ತುಂಡಾದರೂ ನೆಟ್ಟಗಿರುತ್ತಿತ್ತೇ? ಹೆಚ್ಚಿನವು ಕುಲುಮೆಯಲ್ಲಿ ಸೀಳಿಹೋಗುತ್ತಿದ್ದವು. ಒಂದು ಎದೆಗವಚ ಮಾಡಿಕೊಳ್ಳುವಷ್ಟರಲ್ಲಿ ಹೊರಗಿನ ನಿಜಲೋಕದಲ್ಲಿ ಒಂದು ಋತುವೇ ಬದಲಾಗುತ್ತಿತ್ತು. ಚಕ್ರ ಹಿಡಿದವನ ಸ್ಥಿತಿ ಹೇಗೆಂದರೆ, ಕೈ ಬಿಡುವಂತಿಲ್ಲ, ಕಣ್ಣಿಗೆ ಕೆಲಸವಿಲ್ಲ, ಕಿವಿಯ ಹೆಡ್‌ಫೋನಿನಲ್ಲಿ ಒಳಗಿನವರ ದನಿ, ಬಾಯಿಯೊಂದೇ ಖಾಲಿ.

ಸ್ವಾಮಿ, ಆ ಖಾಲಿ ಬಾಯಿಯ ಬೆಲೆ ನಿಮಗೆ ಗೊತ್ತಾಗಲಿಲ್ಲ. ನನ್ನ ತಕರಾರಿರುವುದು ಅಲ್ಲೇ.

ಅದಕ್ಕೆ ಮೊದಲು, ಹೊಟ್ಟೆಕಿಚ್ಚಿನ ಮುದುಕನೊಬ್ಬ ಹೊಸಬರ ಸುಖ ಕಂಡು ಕರುಬುತ್ತಿದ್ದಾನೆ ಎಂದು ನೀವು ತಿಳಿಯಬಾರದು. ನಾನು ಮುದುಕನಲ್ಲ, ಮತ್ತು ವೃತ್ತಿಯಲ್ಲಿ ನಿಮ್ಮ ದಾಯಾದಿಯೇ. ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಸಲಕರಣೆ ಕೋಣೆಯ ಉಸ್ತುವಾರಿ ನನ್ನದು. ಒಂದು ಜಾಲರಿ ಕಿಟಕಿ, ಕಿಟಕಿಗೊಂದು ಹಲಗೆ, ಹಲಗೆಯ ಈಚೆಗೆ ನಾನು. ಹಿಂದಿನ ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರವನ್ನೂ ಬಣ್ಣದಲ್ಲಿ ಬರೆದಿದೆ. ಹೊರಗೆ ಹೋದದ್ದರ ನೆರಳು ಮಾತ್ರ ಅಲ್ಲಿ ಉಳಿದಿರುತ್ತದೆ. ಹೊಸದಾಗಿ ಸೇರಿದವರು ಬಂದು "ಸಾರ್, ಆ ಒಳ್ಳೇ ಅಳತೆ ಉಪಕರಣ ಕೊಡಿ" ಎಂದರೆ ನಾನು ಕೊಡುವುದು ಒಂದು ಅರ, ಒಂದು ಕಬ್ಬಿಣದ ಗಟ್ಟಿ. ಉಜ್ಜಿ ಉಜ್ಜಿ ಅದನ್ನು ಚೌಕ ಮಾಡಿ ತಂದ ಮೇಲೆ ಮುಂದಿನ ಮಾತು. ನಮ್ಮ ಮೇಸ್ತ್ರಿ ಎಲ್ಲರೆದುರೇ ಹಂಗಿಸುತ್ತಾನೆ: "ಈ ಕಿಟಕಿಯಿಂದ ಸ್ಪ್ಯಾನರ್ ಈಸ್ಕೊಳ್ಳೋದೂ ಒಂದೇ, ಹುಲಿ ಬಾಯಿಂದ ಹಲ್ಲು ಕೀಳೋದೂ ಒಂದೇ." ಅನ್ನಲಿ. ಅರ ಉಜ್ಜುವಾಗ ಪಕ್ಕದ ಬೆಂಚಿನವನು "ಹಂಗಲ್ಲ ಕಣಯ್ಯ, ಮೊಣಕೈ ಇಳಿಸು" ಅನ್ನುತ್ತಾನೆ. ಆ ಒಂದು ಮಾತಿನಿಂದ ಹೊಸಬನಿಗೆ ಕಾರ್ಖಾನೆಯಲ್ಲಿ ಒಬ್ಬ ಗುರುತಿನವನಾಗುತ್ತಾನೆ. ಮೊದಲ ದಿನವೇ ಒಳ್ಳೆಯ ಉಪಕರಣ ಕೊಟ್ಟು ಕಳಿಸಿದರೆ ಅವನ ಕೈಗೆ ಉಪಕರಣ ಸಿಗುತ್ತದೆ, ಪಕ್ಕದ ಬೆಂಚು ಸಿಗುವುದಿಲ್ಲ.

ಪ್ರಾಸ ಕಟ್ಟುವುದು ನನ್ನ ಹಳೆಯ ಚಟ, ಕ್ಷಮಿಸಿ. ಕೇಳಿದೊಡನೆ ಕೊಟ್ಟ ಕತ್ತಿ, ಎಣ್ಣೆಯಿಲ್ಲದ ಹಣತೆ ಬತ್ತಿ. ಇದನ್ನು ಹೆಂಡತಿಗೆ ಹೇಳಿದೆ. "ಪ್ರಾಸ ಹಾಕಿದ್ರೆ ಹಾಲು ಕಾಯಲ್ಲ, ಒಲೆ ಹಚ್ಚಿ" ಎಂದಳು.

ಈಗ ನನ್ನ ಅಣ್ಣನ ವಿಷಯ.

ಅಪ್ಪ ಬಿಟ್ಟುಹೋದ ಮನೆಯನ್ನು ನಾವಿಬ್ಬರೂ ನಡುವೆ ಗೋಡೆ ಎಬ್ಬಿಸಿ ಹಂಚಿಕೊಂಡೆವು. ಗಾರೆಯವನು ದಾರ ಕಟ್ಟಿದ, ಮಧ್ಯಾಹ್ನ ಊಟಕ್ಕೆ ಹೋಗಿ ಬಂದ, ಗೋಡೆ ಕಟ್ಟಿದ. ಊಟಕ್ಕೆ ಹೋದಾಗ ದಾರ ನನ್ನ ಕಡೆ ಸರಿಯಿತೆಂದು ನಾನು, ತನ್ನ ಕಡೆ ಸರಿಯಿತೆಂದು ಅಣ್ಣ. ಅಂಗೈಯಗಲದ ಜಾಗ. ಅಳೆದರೆ ಮುಗಿಯಿತಲ್ಲವೇ? ನಾನು ಕಾರ್ಖಾನೆಯಿಂದ ಪರೀಕ್ಷೆ ಮಾಡಿಸಿದ ಟೇಪನ್ನೇ ತಂದೆ. "ನಿನ್ನ ಟೇಪು ನಿನ್ನ ಕಡೆಗೇ ಅಳೆಯತ್ತೆ, ಇಟ್ಕೋ" ಎಂದ ಅಣ್ಣ. ತನ್ನ ಟೇಪು ತಂದ. ಅದರ ತುದಿಯ ಕೊಕ್ಕೆ ಸಡಿಲವಾಗಿತ್ತು, ಹಾಗೆಂದು ಹೇಳಿದೆ. ಹೇಳಬೇಕಾದ್ದು ನನ್ನ ಕಸುಬು. ಅವತ್ತಿಗೆ ಮಾತು ನಿಂತಿತು. ಗೋಡೆಗೆ ಎರಡೂ ಕಡೆ ಬಣ್ಣ ಬಳಿಸಿದೆವು, ಬೇರೆ ಬೇರೆ ಬಣ್ಣ. ಹೆಂಗಸರು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಾ ಮೊದಲಿನಂತೆಯೇ ಮಾತಾಡಿಕೊಂಡಿದ್ದರು. ಗಂಡಸರಾದ ನಾವು ಮಾತ್ರ ಎದುರಾದರೆ ಇಬ್ಬರೂ ಆಕಾಶ ನೋಡುತ್ತಿದ್ದೆವು. ವರ್ಷಗಟ್ಟಲೆ ಹವಾಮಾನದ ಬಗ್ಗೆ ನಮ್ಮಷ್ಟು ತಿಳಿದವರು ಇಡೀ ಬೀದಿಯಲ್ಲಿ ಇರಲಿಲ್ಲ.

ನಿಮ್ಮ ಆಟಕ್ಕೆ ನಾನು ಬಂದದ್ದು ಮಗಳಿಂದ. ಪರೀಕ್ಷೆ ಹತ್ತಿರ ಬಂತೆಂದು ಅವಳು ತನ್ನ ಪಾತ್ರವನ್ನು ನನಗೆ ಒಪ್ಪಿಸಿದಳು. "ಅಪ್ಪಾ, ದಿನಾ ಸಂಜೆ ಸ್ವಲ್ಪ ಆಡ್ಸು, ತುಕ್ಕು ಹಿಡಿಯತ್ತೆ." ಹಾಗೆ, ಮೀಸೆ ಇರುವ ಈ ಉಗ್ರಾಣದವನು ನಿಮ್ಮ ಲೋಕದಲ್ಲಿ 'ಪುಟ್ಟ ಮಾಟಗಾತಿ' ಎಂಬ ಹೆಸರಿನಲ್ಲಿ, ನೇರಳೆ ಟೊಪ್ಪಿಗೆ ಇಟ್ಟುಕೊಂಡು ಓಡಾಡತೊಡಗಿದ. ಮಗಳ ಪರೀಕ್ಷೆ ಮುಗಿಯಿತು, ಅವಳಿಗೆ ಆಟದ ಮೋಹ ತೀರಿತು, ನನಗೆ ಹತ್ತಿತು. ಗವಿಯ ಬಾಗಿಲಲ್ಲಿ ಜೊತೆ ಹುಡುಕುತ್ತಿದ್ದಾಗ ಸಿಕ್ಕವರು 'ಗಡ್ಡದ ಗುರಾಣಿ'. ಒಳ್ಳೆಯ ಮನುಷ್ಯರು, ಅವಸರವಿಲ್ಲ, ಚಕ್ರ ಹಿಡಿದರೆ ಬಂಡೆ. ಒಂದು ಸಂಜೆ ನಾನು ಗವಿಯೊಳಗೆ ಎಡಕ್ಕೆ ಹೊರಳಬೇಕು, ಕಿವಿಯೊಳಗೆ, ಡಬ್ಬದೊಳಗಿನಿಂದ ಬಂದಂತೆ ಗುರುತು ಸಿಗದ ಅವರ ದನಿ: "ನಿಧಾನ, ನಿಧಾನ. ತಿರುಗೋ ಮುಂಚೆ ಕನ್ನಡಿ ನೋಡಿ."

ನಡೆದುಹೋಗುವ ಮಾಟಗಾತಿಗೆ ಎಲ್ಲಿಯ ಕನ್ನಡಿ? ನನ್ನ ಅಣ್ಣ ಕಾರು ಕಲಿಸುವ ಶಾಲೆ ನಡೆಸುತ್ತಾನೆ. ಅರ್ಧ ಊರಿಗೆ ಅವನೇ ಗುರು. ಎಲ್ಲರ ಕೈಗೂ ಸ್ಟೀರಿಂಗ್ ಕೊಟ್ಟು, ಇನ್ನೊಂದು ಬ್ರೇಕನ್ನು ತನ್ನ ಕಾಲಡಿ ಇಟ್ಟುಕೊಂಡಿರುವವನು. ನಾನು ಕಿವಿಯ ಹೆಡ್‌ಫೋನನ್ನು ಒಂದು ಬದಿ ಸರಿಸಿದೆ. ಅವರು ಮತ್ತೊಮ್ಮೆ ಹೇಳಿದ "ಕನ್ನಡಿ" ಎಂಬ ಮಾತು ಮೊದಲು ಗೋಡೆಯಿಂದ ಬಂತು. ಆಮೇಲೆ, ನಿಮ್ಮ ಯಾವುದೋ ದೂರದೇಶದ ಸರ್ವರ್ ಕಂಪ್ಯೂಟರಿಗೆ ಹೋಗಿ ಸುತ್ತಿ ಬಳಸಿ, ಹೆಡ್‌ಫೋನಿನಲ್ಲಿ ಬಂತು. ಗೋಡೆಗೂ ಕಿವಿಯಿದೆ ಅನ್ನುತ್ತಾರೆ. ನಮ್ಮ ಗೋಡೆಗೆ ಬಾಯಿಯೂ ಬಂದಿತ್ತು.

ಹೆಡ್‌ಫೋನನ್ನು ಮತ್ತೆ ಕಿವಿಗೆ ಎಳೆದುಕೊಂಡು ಎಡಕ್ಕೆ ಹೊರಳಿದೆ. ಗೊತ್ತಾಯಿತೆಂದು ಗೊತ್ತುಮಾಡಿದರೆ ಅವನು ಆಟವನ್ನೇ ಬಿಟ್ಟಾನು. ಆದರೆ ಕಟ್ಟಿಕೊಂಡ ಚಟ ಕೇಳಬೇಕಲ್ಲ. ಇನ್ನೊಂದು ಸಂಜೆ ಬಾಯಿತಪ್ಪಿ "ಗುರಾಣಿಯವರೇ, ಚಕ್ರ ಬಿಡಬೇಡಿ, ವಕ್ರ ನೋಡಬೇಡಿ" ಎಂದುಬಿಟ್ಟೆ. ಇಂಥ ಕೆಟ್ಟ ಪ್ರಾಸ ಕಟ್ಟುವವನು ನಮ್ಮ ವಂಶದಲ್ಲಿ ಒಬ್ಬನೇ. ಗುರುತು ಸಿಕ್ಕಿತು, ಬಾಗಿಲು ಬಿದ್ದೇಬಿಟ್ಟಿತೆಂದು ನಾನು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಗೋಡೆಯಿಂದಲೂ ಹೆಡ್‌ಫೋನಿನಿಂದಲೂ ಬಂತು ಉತ್ತರ: "ಹೂಂ. ಹಿಡ್ದಿದೀನಿ. ನೀವು ತಗೊಂಡ್ ಬನ್ನಿ."

ಅವತ್ತಿನಿಂದ, ಮಾನ್ಯರೇ, ಇಬ್ಬರಿಗೂ ಗೊತ್ತು. ಗೊತ್ತಿಲ್ಲದ ಹಾಗೆ ಇದ್ದೆವು. ಒಬ್ಬ ಹಿಡಿದರೆ ಒಬ್ಬ ಒಳಗೆ. ಖಾಲಿ ಬಾಯಿ ಎಷ್ಟು ಹೊತ್ತು ಸುಮ್ಮನಿದ್ದೀತು?

"ಮಾಟಗಾತಿಯವರೇ, ನಿಮ್ಮ ಕಡೆ ಯಾರೋ ತುಂಬಾ ಕೆಮ್ತಿದ್ರಲ್ಲ?"

"ಮಗಳು. ಈಗ ವಾಸಿ."

"ಔಷಧಿ?"

"ಕೊಡ್ಸಿದೀವಿ. ನಿಮ್ಮ ಕಡೆ ನೀರಿನ ತೊಟ್ಟಿ ಸೋರ್ತಿರಬಹುದಾ ಅಂತ."

"ಹೌದಾ? ನೋಡ್ತೀನಿ."

ಮರುದಿನ ಬೆಳಗ್ಗೆ ಅಣ್ಣ ಏಣಿ ಹಾಕಿ ತೊಟ್ಟಿ ರಿಪೇರಿ ಮಾಡುತ್ತಿದ್ದ. ನಾನು ಕೆಳಗೆ ಹಾದುಹೋದೆ. ಇಬ್ಬರೂ ಯಥಾಪ್ರಕಾರ ಆಕಾಶ ನೋಡಿದೆವು. ಅತ್ತಿಗೆಯ ಮಂಡಿನೋವು, ನನ್ನ ಬಡ್ತಿ ತಪ್ಪಿದ್ದು, ಅವನ ಶಾಲೆಯ ಹಳೇ ಕಾರು ಕೈಕೊಟ್ಟದ್ದು ಎಲ್ಲವೂ ಗವಿಯ ಬಾಗಿಲಲ್ಲೇ ವಿಲೇವಾರಿಯಾದವು. ಅಪ್ಪನ ಕೊನೆಯ ದಿನಗಳ ಬಗ್ಗೆ ಒಂದು ಸಂಜೆ ಅವನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಸಂಬಂಧಿಸಿದ್ದಲ್ಲ. ಆದರೆ ಅದನ್ನು ಅವನು ಹೇಳಿದ್ದು ನಿಮ್ಮ ಚಕ್ರ ಹಿಡಿದುಕೊಂಡು.

ಅವನ ಕವಚ ಮೊದಲು ಪೂರ್ತಿಯಾಯಿತು. ಹಿರಿಯ, ಇರಲಿ ಎಂದು ನಾನೇ ಹೆಚ್ಚು ಹಿಡಿದೆ. ಆಮೇಲೆ ನನ್ನ ಸರದಿ. ಎದೆಗವಚ ಆಯಿತು, ಕಾಲಿನದು ಆಯಿತು, ಶಿರಸ್ತ್ರಾಣವೊಂದು ಬಾಕಿ. ಆಗ ಅವನು ಹೇಳಿದ: "ನಿಮ್ಮ ಶಿರಸ್ತ್ರಾಣ ಒಂದು ಆಗ್ಬಿಡ್ಲಿ. ಆಮೇಲೆ ನಿಮ್ಗೊಂದು ಮಾತು ಹೇಳೋದಿದೆ."

"ಈಗ್ಲೇ ಹೇಳಿ."

"ಈಗ ಬೇಡ. ನೀವು ಒಳಗಿದೀರಿ, ಬೇರೆ ಯೋಚನೆ ಬೇಡ. ಗಮನ ದಾರಿ ಮೇಲಿರ್ಲಿ."

ಮರುದಿನ ನಾನು ಕಾರ್ಖಾನೆಯಿಂದ ಬಂದು, ಮುಖ ತೊಳೆದು, ಆಟ ತೆರೆದರೆ ಚಕ್ರವಿಲ್ಲ. ಗವಿಯ ಗೋಡೆಯಲ್ಲಿ ಮೊಳೆಯ ಗುರುತೂ ಇಲ್ಲದಂತೆ ಒರೆಸಿದ್ದೀರಿ. ಬಾಗಿಲು ಬಾ ಎನ್ನುತ್ತಿದೆ. ಪೆಟ್ಟಿಗೆ ತಾನಾಗಿ ತೆರೆದುಕೊಂಡು, ಬಣ್ಣದ ಕಿಡಿ ಹಾರಿಸಿ, "ಅಭಿನಂದನೆಗಳು" ಎಂದು ನನ್ನ ತಲೆಗೆ ಶಿರಸ್ತ್ರಾಣ ತೊಡಿಸಿತು. ನಾನು ಏನು ಸಾಧಿಸಿದೆನೆಂದು ಅಭಿನಂದನೆ? ಗುಂಡಿ ಒತ್ತಿ ಆಟ ತೆರೆದದ್ದಕ್ಕೆ? ಆ ಲೆಕ್ಕದಲ್ಲಿ ಬೆಳಗ್ಗೆ ಹಲ್ಲುಜ್ಜಿದ್ದಕ್ಕೂ ಒಂದು ಪದಕ ಕಳಿಸಿ. ಅದನ್ನು ಕಿತ್ತು ನಿಮ್ಮ ಸಮುದ್ರಕ್ಕೆ ಎಸೆದೆ. "ಖಚಿತವೇ?" ಎಂದು ಕೇಳಿತು. ಖಚಿತ ಎಂದೆ. ಮಾರನೆಯ ಸಂಜೆ ಪೆಟ್ಟಿಗೆ ಅಭಿನಂದಿಸಿ ಇನ್ನೊಂದು ಕೊಟ್ಟಿತು. ಬಿಟ್ಟೆನೆಂದರೂ ಬಿಡದ ನಿಮ್ಮ ಔದಾರ್ಯವನ್ನು ಎಲ್ಲಿ ಹೋಗಿ ತೊಳೆದುಕೊಳ್ಳಲಿ?

ನಿಮ್ಮ ಪರವಾಗಿ ವಾದಿಸುವವರು ನಮ್ಮ ಮನೆಯಲ್ಲೇ ಇದ್ದಾರೆ. ಗೋಡೆಯ ಗುಟ್ಟನ್ನು ಮೊದಲೇ ಕೇಳಿಸಿಕೊಂಡಿದ್ದ ಮಗಳು ಹೇಳಿದಳು: "ಅಪ್ಪಾ, ಎಲ್ರಿಗೂ ಜೊತೆ ಸಿಗಲ್ಲ. ನಾನು ಎಷ್ಟು ದಿನ ಆ ಬಾಗಿಲ ಹತ್ರ 'ಯಾರಾದ್ರೂ ಬನ್ನಿ' ಅಂತ ಕೂಗಿದೀನಿ ಗೊತ್ತಾ? ಯಾರೂ ಬರ್ಲಿಲ್ಲ. ಅದಕ್ಕೇ ಬೇಜಾರಾಗಿ ಬಿಟ್ಟಿದ್ದು. ನಿಂಗೆ ದೊಡ್ಡಪ್ಪ ಸಿಕ್ಕಿದ್ರು, ಸರಿ. ಸಿಗದೇ ಇರೋರು ಏನ್ ಮಾಡ್ಬೇಕು?" ಮಾತು ನ್ಯಾಯವಾದದ್ದೇ. ಒಂಟಿಯಾಗಿ ಕೂಗಿ ಕೂಗಿ ಗಂಟಲು ಹರಿದುಕೊಂಡವರಿಗೆ ನೀವೊಂದು ದಾರಿ ಮಾಡಬೇಕಿತ್ತು, ಒಪ್ಪಿದೆ. ಅವರನ್ನು ಪರಸ್ಪರ ಕೂಡಿಸಬಹುದಿತ್ತು. ನೀವು ಮಾಡಿದ್ದೇನು? ಜೊತೆಯಿಲ್ಲದವರಿಗೆ ಜೊತೆ ಹುಡುಕಿಕೊಡುವ ಬದಲು ಜೊತೆಯಿದ್ದವರನ್ನೂ ಒಂಟಿ ಮಾಡಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನೀವು ಇಡೀ ಕೊಟ್ಟಿಗೆಗೇ ಹಾಕಿದಿರಿ.

ಈ ನಡುವೆ ಹಿತ್ತಲಿನಿಂದ ಸುದ್ದಿ ಬಂತು. ಅಣ್ಣ ತನ್ನ ಅರ್ಧ ಮನೆಯನ್ನು ಮಾರುತ್ತಿದ್ದಾನೆ. ಕಾರು ಕಲಿಸುವ ಮೈದಾನ ಊರಿನ ಆಚೆ ತುದಿಗೆ ಹೋಗಿದೆ, ಅಲ್ಲೇ ಮನೆ ನೋಡಿದ್ದಾರೆ. ತಿಂಗಳ ಕೊನೆಗೆ ಲಾರಿ ಬರುತ್ತದೆ. ಅತ್ತಿಗೆ ಬಟ್ಟೆಗೆ ಕ್ಲಿಪ್ಪು ಹಾಕುತ್ತಾ ಹೇಳಿದರಂತೆ. ಹೆಂಡತಿ ಒಳಗೆ ಬಂದು ನನಗೆ ಹೇಳಿದಳು, ಹೇಳಿ ನಿಂತಳು.

"ಹೋಗಿ ಕೇಳಿ. ಆ ಯಾವನೋ ಆಟದ ಯಜಮಾನನಿಗೆ ಪತ್ರ ಗೀಚೋ ಬದ್ಲು, ಮೆಟ್ಲು ಇಳಿದು ಪಕ್ಕದ ಬಾಗಿಲು ತಟ್ಟಿದ್ರೆ ಆಯ್ತಪ್ಪ."

ಆಯಿತಪ್ಪ ಎಂದು ಹೋದೆ. ನನ್ನ ಮಾತಿಗೆ ಇದೇ ಸಾಕ್ಷಿ, ದಯವಿಟ್ಟು ಗಮನವಿಟ್ಟು ಓದಿ. ಅಣ್ಣನೇ ಬಾಗಿಲು ತೆಗೆದ. ಕೈಯಲ್ಲಿ ಪ್ಯಾಕಿಂಗ್ ಟೇಪಿನ ಸುರುಳಿ. "ಬಾ" ಎಂದ. ಒಳಗೆ ಹೋದೆ. ಕುರ್ಚಿಗಳ ಮೇಲೆಲ್ಲ ರಟ್ಟಿನ ಪೆಟ್ಟಿಗೆಗಳು, ಹಾಗಾಗಿ ಇಬ್ಬರೂ ನಿಂತೇ ಇದ್ದೆವು. ಗೋಡೆಯ ಆ ಕಡೆಯ ಮುಖವನ್ನು ಕಟ್ಟಿದ ಮೇಲೆ ನಾನು ನೋಡಿದ್ದು ಅದೇ ಮೊದಲು. ತಿಳಿಹಸಿರು.

"ಅದೇನೋ ಮಾತು ಇದೆ ಅಂದಿದ್ದೆಯಲ್ಲ" ಎಂದೆ.

"ಯಾವ್ದು?"

"ಶಿರಸ್ತ್ರಾಣ ಆದ್ಮೇಲೆ ಅಂತ."

"ಶಿರಸ್ತ್ರಾಣ ಬಂತಲ್ಲ. ಪೆಟ್ಟಿಗೇಲಿ."

"ಬಂತು."

"ಸರಿಯಾಗಿದ್ಯಾ?"

"ತಲೆಗೆ ಸರಿಯಾಗಿದೆ."

"ಮತ್ತೆ?"

"ಮತ್ತೇನಿಲ್ಲ."

ಅವನು ಟೇಪಿನ ತುದಿ ಹುಡುಕುತ್ತಾ ಸುರುಳಿಯನ್ನು ತಿರುಗಿಸುತ್ತಲೇ ಇದ್ದ. ಅತ್ತಿಗೆ ನೀರು ತಂದುಕೊಟ್ಟರು, ಕುಡಿದೆ. "ಬರ್ತೀನಿ" ಎಂದೆ. "ಹೂಂ" ಎಂದ. ಬಂದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು?" "ಸರಿಯಾಗಿದ್ಯಾ ಅಂದ." "ಏನು?" "ತಲೆ." ಅವಳು ಹಣೆ ಚಚ್ಚಿಕೊಂಡಳು.

ಬಾಗಿಲು ತೆರೆದೇ ಇತ್ತು, ನೋಡಿ. ತಡೆಯುವವರು ಯಾರೂ ಇರಲಿಲ್ಲ, ಎತ್ತಬೇಕಾದ ಭಾರವಿರಲಿಲ್ಲ. ನಿಮ್ಮ ಸಿದ್ಧಾಂತದ ಪ್ರಕಾರ ಎಲ್ಲವೂ ಸುಲಭವಾಗಿತ್ತು. ಅಷ್ಟು ಸುಲಭದಲ್ಲಿ ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಕೆಲವರಿಗೆ ಬರುತ್ತದೆ, ನಮ್ಮ ಹೆಂಗಸರಿಗೆ ಒಂದು ಒದ್ದೆ ಬಟ್ಟೆ ಸಾಕು. ನಮ್ಮಂಥ ಹೆಣಗಳಿಗೆ ಕೈಯಲ್ಲೊಂದು ಭಾರ ಬೇಕು, ಅದೂ ಇನ್ನೊಬ್ಬನಿಗಾಗಿ ಹೊತ್ತ ಭಾರವಾಗಿರಬೇಕು; ಆಗ ಅದರ ಮರೆಯಲ್ಲಿ ಮಾತು ಮೆಲ್ಲಗೆ ಹೊರಗೆ ಬರುತ್ತದೆ. ಅವನು ಹೇಳಬೇಕೆಂದಿದ್ದ ಮಾತು ಯಾವುದೆಂದು ನಾನು ಊಹಿಸಲಾರೆನೇ? ಮನೆ ಬಿಡುವ ಮಾತೇ ಇರಬಹುದು. ಅದಕ್ಕಿಂತ ಹೆಚ್ಚಿನದೂ ಇರಬಹುದು. ಆ ಸುದ್ದಿ ಈಗ ನನ್ನ ಬಳಿ ಇದೆ, ನಿಮ್ಮ ಕವಚ ಇರುವ ಹಾಗೇ: ಪುಕ್ಕಟೆ ಬಂತು, ಬೇರೆಯವರ ಕೈಯಿಂದ ಬಂತು, ಮೈಗೆ ಹತ್ತಲಿಲ್ಲ. ಅವನು ಅದನ್ನು ತಾನೇ ಹೇಳಬೇಕೆಂದಿದ್ದ. ನನ್ನ ಕೆಲಸ ಮುಗಿಸಿಕೊಟ್ಟು ಹೇಳಬೇಕೆಂದಿದ್ದ. ಆ ಮರ್ಯಾದೆಯನ್ನು ನೀವು ಅವನಿಂದ ಕಸಿದುಕೊಂಡಿರಿ, "ಅನುಕೂಲಕ್ಕಾಗಿ".

ನಿನ್ನೆ ಸಂಜೆ ಮತ್ತೆ ಆಟ ತೆರೆದೆ. ಗವಿಯ ಹೊಸ್ತಿಲಲ್ಲಿ ಗಡ್ಡದ ಗುರಾಣಿ ನಿಂತಿದ್ದ. ನೀವು ಹಂಚಿದ ಥಳಥಳ ಕವಚವಲ್ಲ, ನಾವು ಮಾಡಿದ ಹಳೆಯದನ್ನೇ ತೊಟ್ಟಿದ್ದ. ಚಕ್ರವಿದ್ದ ಬೋಳುಗೋಡೆಗೆ ಮುಖ ಮಾಡಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಗೋಡೆಯಾಚೆ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಸ್ವಲ್ಪ ತಡೆದು ಹೆಡ್‌ಫೋನಿನಲ್ಲೂ ಕಿರುಗುಟ್ಟಿತು. ಅಷ್ಟರಲ್ಲಿ ಯಾರೋ ಹೊಸಬ ಓಡಿಬಂದು, ಪೆಟ್ಟಿಗೆಯಿಂದ ಅಭಿನಂದನೆ ಈಸಿಕೊಂಡು, ನಮ್ಮಿಬ್ಬರ ನಡುವೆಯೇ ಕುಪ್ಪಳಿಸಿ ಹೋದ. ಅವನದೇನೂ ತಪ್ಪಿಲ್ಲ. ಗುರಾಣಿ ಇನ್ನೊಂದಿಷ್ಟು ಹೊತ್ತು ನಿಂತಿದ್ದು ಮಾಯವಾದ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ನಿಮ್ಮ ಪೆಟ್ಟಿಗೆಗಳನ್ನು ನೀವೇ ಇಟ್ಟುಕೊಳ್ಳಿ, ಬೇಕಾದವರಿಗೆ ಹಂಚಿ, ನನ್ನ ಮಗಳಂಥವರಿಗೆ ಎರಡೆರಡು ಕೊಡಿ. ನನ್ನ ಶಿರಸ್ತ್ರಾಣ ಕಿತ್ತುಕೊಳ್ಳಿ. ಆ ಒಂದು ಬಾಗಿಲನ್ನು ಮತ್ತೆ ಕೆಳಗೆ ಬಿಡಿ, ಆ ಒಂದು ಚಕ್ರವನ್ನು ಅದರ ಜಾಗಕ್ಕೆ ಹಾಕಿ. ಲಾರಿ ಬರುವುದು ತಿಂಗಳ ಕೊನೆಗೆ. ಅದಕ್ಕೆ ಮೊದಲು ಒಂದೇ ಒಂದು ಸಂಜೆ ಸಾಕು. ತುಂಡು ಸೀಳಿಹೋಗದಿರಲಿ ಎಂದು ನಾನು ಕೇಳುವುದಿಲ್ಲ. ಸೀಳಿದರೂ ಸರಿ, ಇನ್ನೊಮ್ಮೆ ಒಳಗೆ ಹೋಗುತ್ತೇನೆ. ಹಿಡಿದುಕೊಳ್ಳುವವನು ಹೊರಗೆ ತಯಾರಾಗಿ ನಿಂತಿದ್ದಾನೆ, ನಾನೇ ಕಣ್ಣಾರೆ ನೋಡಿದ್ದೇನೆ. ಹಿಡಿಯಲು ಅವನಿಗೆ ಏನಾದರೂ ಕೊಡಿ.

ಇಂತಿ, ಅಡಿಯಿಂದ ಮುಡಿಯವರೆಗೆ ನಿಮ್ಮ ಉತ್ಕೃಷ್ಟ ಕವಚ ತೊಟ್ಟೂ ಬರಿಮೈಯಲ್ಲಿ ನಿಂತಿರುವ,
ಪುಟ್ಟ ಮಾಟಗಾತಿ
(ವಯಸ್ಸು ನಲವತ್ತಾರು, ಸಲಕರಣೆ ಕೋಣೆ, ಗೋಡೆಯ ಈಚೆ ಕಡೆ)